ಮನೆಯೇ ಕೊನೆಯ ಪಾಠಶಾಲೆ

ರಿಟೈರಾದ ಹೆಡ್‌ಮಾಸ್ತರರಿಗೆ ದೇವರು ಕೊಡಬಹುದಾದ ಶಿಕ್ಷೆಗಳಲ್ಲಿ ಬಹಳ ನಾಜೂಕಾದದ್ದೆಂದರೆ ಸ್ಕೂಲಿಗೆ ಹೋಗದ ಮೊಮ್ಮಕ್ಕಳು. ಹಟ ಹಿಡಿದು ಕೂತವರಾಗಿದ್ದರೆ ರಮಿಸಿಯೋ ಗದರಿಸಿಯೋ ಕಳಿಸಬಹುದಿತ್ತು. ಇಲ್ಲಿ ಹಟ ಹಿಡಿದವರು ಮಗಳು ಮತ್ತು ಅಳಿಯ. ಬೀದಿಯ ಮಕ್ಕಳೆಲ್ಲ ಬೆಳಿಗ್ಗೆ ಎಂಟಕ್ಕೆ ಮಣಭಾರದ ಬ್ಯಾಗು ಹೊತ್ತು ಹಳದಿ ವ್ಯಾನು ಹತ್ತುವ ಹೊತ್ತಿಗೆ ನಮ್ಮ ಮನೆಯ ಹನ್ನೊಂದರ ಹುಡುಗ ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಇರುವೆ ಸಾಲು ಎಲ್ಲಿಗೆ ಹೊರಟಿದೆ ಎಂದು ತನಿಖೆ ನಡೆಸುತ್ತಿರುತ್ತಾನೆ. ಎಂಟರ ಹುಡುಗಿ ಇನ್ನೂ ಎದ್ದೇ ಇರುವುದಿಲ್ಲ. ಪ್ರಾರ್ಥನೆಗೆ ಎರಡು ನಿಮಿಷ ತಡವಾಗಿ ಬಂದವರನ್ನು ಗೇಟಿನಾಚೆ ನಿಲ್ಲಿಸಿ ಹೆಸರು ಮಾಡಿದ್ದ ನನ್ನ ಕಣ್ಣೆದುರೇ ಇದೆಲ್ಲ ನಡೆಯುತ್ತದೆ.

ಸುಮ್ಮನಿರಲಾಗದೆ ಒಂದು ವೇಳಾಪಟ್ಟಿ ಬರೆದೆ. ಡ್ರಾಯಿಂಗ್ ಶೀಟಿನ ಮೇಲೆ ಸ್ಕೇಲಿಟ್ಟು ಗೆರೆ ಹೊಡೆದು, ಒಂಬತ್ತೂವರೆಗೆ ಪ್ರಾರ್ಥನೆ, ಆಮೇಲೆ ಗಣಿತ, ಶನಿವಾರ ಬೆಳಗಿನ ಶಾಲೆ ಎಂದೆಲ್ಲ ತುಂಬಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಮಗಳು ನೋಡಿ, “ಅಪ್ಪ, ನಿಮ್ಮ ಸ್ಕೂಲಲ್ಲಿ ನೂರಾರು ಮಕ್ಕಳಿದ್ರು, ಬೆಲ್ಲು ಬೇಕಾಗಿತ್ತು. ಇಲ್ಲಿರೋದು ಇಬ್ರು. ಬನ್ನಿ ಅಂದ್ರೆ ಬರ್ತಾರೆ” ಎಂದಳು. ಬನ್ನಿ ಅಂದು ನೋಡಿದೆ. ಬರಲಿಲ್ಲ. ವಾರದೊಳಗೆ ಶೀಟು ಗೋಡೆಯಿಂದ ಮಾಯವಾಗಿ, ಅದರ ಹಿಂಬದಿಯಲ್ಲಿ ನಮ್ಮ ಬಡಾವಣೆಯ ಬೀದಿನಾಯಿಗಳ ನಕ್ಷೆ ತಯಾರಾಗಿತ್ತು. ಯಾವ ನಾಯಿಯ ರಾಜ್ಯ ಯಾವ ಲೈಟು ಕಂಬದಿಂದ ಯಾವ ಕಂಬದವರೆಗೆ, ಗಡಿ ತಕರಾರು ಎಲ್ಲೆಲ್ಲಿ, ಬೇಕರಿ ಮುಂದಿನ ಫಲವತ್ತಾದ ಪ್ರದೇಶ ಸದ್ಯಕ್ಕೆ ಯಾರ ವಶದಲ್ಲಿದೆ, ಎಲ್ಲ ಬಣ್ಣ ಬಣ್ಣವಾಗಿ ಗುರುತಾಗಿತ್ತು. ನಕ್ಷೆಗೆ ದಿಕ್ಕು, ಸೂಚಿ, ಅಳತೆ ಎಲ್ಲ ಇತ್ತು. ಸಮಾಜದ ಮೇಷ್ಟ್ರಿಗೆ ತೋರಿಸಿದ್ದರೆ ಪೂರ್ತಿ ಅಂಕ ಕೊಟ್ಟು, ಆಮೇಲೆ ವಿಷಯ ಏನೆಂದು ಓದಿ ಕಿತ್ತುಕೊಳ್ಳುತ್ತಿದ್ದರು.

ಹುಡುಗಿಗೆ ಕನ್ನಡ ಓದಲು ಕಲಿಸಿದವರು ಯಾರೆಂದು ಕೇಳಿದರೆ ಹೇಳುವುದು ಕಷ್ಟ. ಅಜ್ಜಿಯ ಜೊತೆ ಸಿಟಿ ಬಸ್ಸಿನ ಕಿಟಕಿ ಪಕ್ಕ ಕೂತು ಅಂಗಡಿ ಬೋರ್ಡು, ಸಿನಿಮಾ ಪೋಸ್ಟರು, ಗೋಡೆಬರಹ ಕೂಡಿಸಿ ಕೂಡಿಸಿ ಓದುತ್ತಾ ತಾನೇ ಹತ್ತಿಸಿಕೊಂಡಳು. ಅವಳು ಗಟ್ಟಿಯಾಗಿ, ಇಡೀ ಬಸ್ಸಿಗೆ ಕೇಳುವಂತೆ ಓದಿದ ಮೊದಲ ಪೂರ್ಣ ವಾಕ್ಯ ‘ಇಲ್ಲಿ ಮೂತ್ರ ವಿಸರ್ಜನೆ ಮಾಡಬಾರದು.’ ನನಗೆ ತಲೆ ಎತ್ತಲಾಗಲಿಲ್ಲ. ಆದರೆ ನಮ್ಮ ಸ್ಕೂಲಿನಲ್ಲೇ ಕನ್ನಡ ಪಂಡಿತರಾಗಿದ್ದ ಸ್ನೇಹಿತರಿಗೆ ಇದನ್ನು ಹೇಳಿದಾಗ ಅವರು ಕಣ್ಣು ಮುಚ್ಚಿ ಯೋಚಿಸಿ, “ಇಲ್ಲಿ ಅನ್ನೋದರಲ್ಲಿ ಸಜಾತೀಯ, ಮೂತ್ರದಲ್ಲಿ ವಿಜಾತೀಯ, ವಿಸರ್ಜನೆಯಲ್ಲಿ ಅರ್ಕಾವತ್ತು. ಒತ್ತಕ್ಷರದ ಪಾಠ ಒಂದೇ ಗೋಡೆಯಲ್ಲಿ ಮುಗಿದುಹೋಯ್ತಲ್ರೀ!” ಎಂದು ಉದ್ಗರಿಸಿದರು.

ಗಣಿತ ನನ್ನ ವಿಷಯ. ಅದನ್ನಾದರೂ ಉಳಿಸಿಕೊಳ್ಳೋಣವೆಂದರೆ ಅದೂ ದೇವರಾಜ ಮಾರುಕಟ್ಟೆಯ ಪಾಲಾಯಿತು. ಅಲ್ಲಿ ಕಟ್ಟಿದ ಹೂವಿಗೆ ಇಂದಿಗೂ ಮೊಳ, ಮಾರಿನ ಲೆಕ್ಕ. ಎರಡು ಗೇಣು ಒಂದು ಮೊಳ, ನಾಲ್ಕು ಮೊಳ ಒಂದು ಮಾರು. ಮೊಳ ಯಾರದು? ಅಳೆಯುವವರದು. ಇದು ತಿಳಿದ ಹುಡುಗ ನಿಂತಲ್ಲೇ ನಿಂತ. “ಹಾಗಾದ್ರೆ ಉದ್ದ ಕೈಯವರ ಹತ್ರ ತಗೊಂಡ್ರೆ ಲಾಭ ಅಲ್ವಾ ಅಜ್ಜಿ?”

ಮನೆಗೆ ಬಂದವನೇ ಟೈಲರ್ ಟೇಪು ಹಿಡಿದು ಎಲ್ಲರನ್ನೂ ಗೋಡೆಗೆ ಆನಿಸಿ, ಕೈ ಚಾಚಿಸಿ ಅಳೆದ. ಒಬ್ಬೊಬ್ಬರ ಮಾರೂ ಹೆಚ್ಚುಕಡಿಮೆ ಅವರವರ ಎತ್ತರದಷ್ಟೇ ಬಂತು. ಅಂದಮೇಲೆ ಎತ್ತರದವರನ್ನು ಹುಡುಕಿದರೆ ಸಾಕು. ಆದರೆ ಹೂವಿನವರೆಲ್ಲ ಚಕ್ಕಳಮಕ್ಕಳ ಹಾಕಿ ಕೂತಿರುತ್ತಾರೆ. ಮುಂದಿನ ಸಲ ಹೋದಾಗ ಇವನು ಸಾಲಿನುದ್ದಕ್ಕೂ, “ಅಣ್ಣಾ, ಒಂದ್ಸಲ ಎದ್ದು ನಿಂತ್ಕೊಳ್ತೀರಾ? ಅಮ್ಮಾ, ನೀವು?” ಎಂದು ಕೇಳುತ್ತಾ ಹೋದನಂತೆ. ಪುಣ್ಯಾತ್ಮರು, ಕೆಲವರು ಎದ್ದು ನಿಂತರಂತೆ ಕೂಡ. ಕೊನೆಗೆ ಆರಡಿಯ ಆಸಾಮಿಯೊಬ್ಬನಿಂದ ಒಂದು ಮಾರು ಮಲ್ಲಿಗೆ ಕೊಂಡು, ಲೋಕ ಗೆದ್ದವನ ಹಾಗೆ ಮನೆಗೆ ಬಂದ.

ಅಜ್ಜಿ ಹೂವನ್ನು ತಟ್ಟೆಯಲ್ಲಿ ಬಿಡಿಸಿ ಹರಡಿದಳು. “ಕೈಯೇನೋ ಉದ್ದ ಕಣೋ. ಹೂವು ನೋಡು. ಒಂದರ ಮುಖ ಇನ್ನೊಂದು ನೋಡದ ಹಾಗೆ ಕಟ್ಟಿದ್ದಾನೆ.” ಆಮೇಲೆ ಗೇಣಿಗೆ ಎಷ್ಟು ಮೊಗ್ಗು ಎಂಬ ಎಣಿಕೆ ಶುರುವಾಯಿತು. ಮೂರು ಅಂಗಡಿಯ ಹೂವು ತಂದು, ಮೊಗ್ಗು ಎಣಿಸಿ, ಕೊಟ್ಟ ದುಡ್ಡನ್ನು ಭಾಗಿಸಿ ನೋಡಿದರೆ, ಮೂಲೆಯಲ್ಲಿ ಕೂರುವ ಗಿಡ್ಡ ಕೈಯ ಮುದುಕಿಯೇ ಎಲ್ಲರಿಗಿಂತ ಅಗ್ಗ. ಅನುಪಾತ, ಸಮಾನುಪಾತಗಳಿಗೆ ನಾನು ಕ್ಲಾಸಿನಲ್ಲಿ ವಾರಗಟ್ಟಲೆ ಸೀಮೆಸುಣ್ಣ ಸವೆಸುತ್ತಿದ್ದೆ. ಇದೆಲ್ಲ ಯಾತಕ್ಕೆ ಸಾರ್ ಎಂದು ಕೇಳುವ ಧೈರ್ಯ ಯಾರೂ ಮಾಡಿರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕಕ್ಕೇ ಗೋತಾ ಹೊಡೆದ ನನ್ನ ಹೆಂಡತಿ ಅಂದು ಸಂಜೆ ಮುಡಿದ ಹೂವಿನ ಗತ್ತು ನೋಡಬೇಕಿತ್ತು.

ಮನೆಯೊಳಗೆ ಪಾಠ ಹೀಗಾದರೆ, ಪರೀಕ್ಷೆಗಳು ಮನೆಯ ಹೊರಗೆ. ಸ್ಕೂಲಿಗೆ ಹೋಗುವ ಮಕ್ಕಳಿಗೆ ವರ್ಷಕ್ಕೊಮ್ಮೆ ಇನ್ಸ್‌ಪೆಕ್ಟರು ಬಂದರೆ ಹೆಚ್ಚು. ನಮ್ಮವರಿಗೆ ಕಂಡವರೆಲ್ಲ ಇನ್ಸ್‌ಪೆಕ್ಟರು. ಹಾಲಿನವನು ಮೂರು ಪ್ಯಾಕೆಟ್ಟಿನ ಲೆಕ್ಕ ಕೇಳುತ್ತಾನೆ, ಇಸ್ತ್ರಿಯವನು ಇಂಗ್ಲಿಷಿನಲ್ಲಿ ಶರ್ಟಿಗೆ ಸ್ಪೆಲಿಂಗ್ ಕೇಳುತ್ತಾನೆ. ಮದುವೆಮನೆಯಂತೂ ಪಬ್ಲಿಕ್ ಪರೀಕ್ಷೆಯ ಕೇಂದ್ರ. ಈಚೆಗೆ ಒಂದು ಮದುವೆಯಲ್ಲಿ ಪಂಕ್ತಿಗೆ ಕೂತಾಗ ದೂರದ ನೆಂಟರೊಬ್ಬರು, “ಎಷ್ಟನೇ ಕ್ಲಾಸು ಮರಿ?” ಎಂದರು. “ಕ್ಲಾಸಿಲ್ಲ ಅಂಕಲ್” ಎಂದ ಹುಡುಗ. ಅವರು ಮರುಕದಿಂದ ನನ್ನ ಕಡೆ ನೋಡಿ, ಆಮೇಲೆ ಕರ್ತವ್ಯ ನೆನಪಾಗಿ, “ಎಲ್ಲಿ, ಹದಿನೇಳರ ಮಗ್ಗಿ ಹೇಳು” ಎಂದರು. “ನೀವು ಹೇಳಿ ಅಂಕಲ್, ನಾನು ಸರಿ ಇದೆಯಾ ನೋಡ್ತೀನಿ.” ನೆಂಟರು ಹದಿನೇಳೇಳಲೆ ನೂರಾ ಹತ್ತೊಂಬತ್ತರವರೆಗೆ ಗಾಂಭೀರ್ಯದಿಂದಲೇ ಬಂದರು. ಎಂಟಕ್ಕೆ ಸರಿಯಾಗಿ ಅವರ ಎಲೆಗೆ ಹೋಳಿಗೆ ಬಿತ್ತು. ಬಡಿಸುವವನಿಗೆ ಅವರು ಅಷ್ಟೊಂದು ಥ್ಯಾಂಕ್ಸ್ ಹೇಳಿದ್ದು ಯಾಕೆಂದು ಅವನಿಗೆ ಅರ್ಥವಾದಂತಿರಲಿಲ್ಲ.

ಇನ್ಸ್‌ಪೆಕ್ಟರುಗಳಲ್ಲೆಲ್ಲ ಹಿರಿಯರೆಂದರೆ ನಮ್ಮ ಪಂಡಿತರೇ. ಅವರು ಒಂದು ದಿನ 2009ರ ಶಿಕ್ಷಣ ಹಕ್ಕು ಕಾಯಿದೆಯ ಜೆರಾಕ್ಸು ಹಿಡಿದುಕೊಂಡೇ ಬಂದರು. ಮಗಳ ಮುಂದೆ ಇಟ್ಟು, “ನೋಡಮ್ಮ, 2010ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳನ್ನ ಸ್ಕೂಲಿಗೆ ಸೇರಿಸೋದು ತಂದೆ ತಾಯಿ ಕರ್ತವ್ಯ. 10ನೇ ಸೆಕ್ಷನ್” ಎಂದರು. ಮಗಳು ಅಷ್ಟೇ ವಿನಯದಿಂದ, “ಸೇರಿಸದಿದ್ರೆ ಏನು ಶಿಕ್ಷೆ ಅಂತ ಎಲ್ಲಿದೆ ತೋರಿಸಿ ಸಾರ್” ಎಂದಳು. ಪಂಡಿತರು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ತಿರುವಿಹಾಕಿದರು. ಇರಲಿಲ್ಲ. ಕರ್ತವ್ಯ ಬರೆದು ಶಿಕ್ಷೆ ಬರೆಯದೆ ಬಿಟ್ಟ ಕಾಯಿದೆ ನಮ್ಮಂಥ ಇಬ್ಬರು ಹಳೆಯ ಮೇಷ್ಟ್ರುಗಳಿಗೆ ಅರ್ಧ ಬರೆದ ಪ್ರಶ್ನೆಪತ್ರಿಕೆಯಾಗಿಯೇ ಕಂಡಿತು.

ಮಗಳು ಅಲ್ಲಿಗೂ ಬಿಡಲಿಲ್ಲ. ಕುವೆಂಪು ಅವರಿಗೂ ಕುಪ್ಪಳಿಯಲ್ಲಿ ದಕ್ಷಿಣ ಕನ್ನಡದಿಂದ ಮೇಷ್ಟ್ರನ್ನು ಕರೆಸಿ ಮನೆಯಲ್ಲೇ ಮೊದಲ ಪಾಠ ಹೇಳಿಸಿದ್ದರಲ್ಲ ಎಂದಳು. ಇದಕ್ಕೆ ಪಂಡಿತರ ಬಳಿ ಉತ್ತರವಿತ್ತು. “ಆಮೇಲೆ ತೀರ್ಥಹಳ್ಳಿಯಲ್ಲಿ ಸ್ಕೂಲಿಗೆ ಸೇರಿದರು ತಾಯಿ. ಮೈಸೂರಿಗೆ ಬಂದು ಹೈಸ್ಕೂಲು, ಕಾಲೇಜು ಎಲ್ಲ ಮುಗಿಸಿ, 1956ರಲ್ಲಿ ವೈಸ್ ಛಾನ್ಸಲರೇ ಆದರು!” ಎಂದು ಗೆದ್ದ ನಗೆ ನಕ್ಕರು. “ಅದೇ ನಾನೂ ಹೇಳ್ತಿರೋದು, ಇವರೂ ಆಮೇಲೆ ಹೋಗ್ತಾರೆ” ಎಂದು ಮಗಳು ಕಾಫಿ ತರಲು ಎದ್ದಳು.

ಹಾಗಾದರೆ ಹತ್ತನೇ ಕ್ಲಾಸಿನ ಗತಿ? ಅದಕ್ಕೆ ಎನ್‌ಐಒಎಸ್ ಇದೆಯಂತೆ. 1989ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಮುಕ್ತ ಶಾಲೆ. ಹದಿನಾಲ್ಕು ತುಂಬಿದರೆ ಮನೆಯಲ್ಲೇ ಓದಿ ಪರೀಕ್ಷೆಗೆ ಕಟ್ಟಬಹುದು. ಹೆಸರು ನೋಂದಾಯಿಸಿದ ಮೇಲೆ ಐದು ವರ್ಷ ಗಡುವು, ಅದರೊಳಗೆ ಒಂಬತ್ತು ಅವಕಾಶ. ಇದನ್ನು ಕೇಳಿ ಪಂಡಿತರ ಲೋಟ ಕೈಯಲ್ಲೇ ಉಳಿಯಿತು. “ಒಂಬತ್ತಾ? ನಮ್ಮ ಕಾಲದಲ್ಲಿ ಮಾರ್ಚಿ ಹೋದರೆ ಸೆಪ್ಟೆಂಬರು, ಅದೂ ಹೋದರೆ ಎಮ್ಮೆ. ಗಜನಿ ಮಹಮ್ಮದನ ದಂಡಯಾತ್ರೆಯನ್ನ ಸರ್ಕಾರವೇ ಮಂಜೂರು ಮಾಡಿದೆಯಲ್ರೀ!”

ಅಂದಿನಿಂದ ಪಂಡಿತರು ಪ್ರತಿ ಸಂಜೆ ಮಕ್ಕಳ ಪ್ರಗತಿ ಪರಿಶೀಲನೆಗೆಂದು ಬರತೊಡಗಿದರು. ಬಂದವರು ನಾಯಿ ನಕ್ಷೆಯಲ್ಲಿ ತಮ್ಮ ಬೀದಿಯನ್ನು ಸೇರಿಸಿದರು. ಹುಡುಗನಿಂದ ಮೊಬೈಲಿನಲ್ಲಿ ದುಡ್ಡು ಕಳಿಸುವುದನ್ನು ಕಲಿತು, ಅಭ್ಯಾಸಕ್ಕೆಂದು ನನಗೆ ಒಂದೊಂದೇ ರೂಪಾಯಿ ಕಳಿಸಿದರು. ಮೊನ್ನೆ ಮಾತ್ರ ಎರಡು ದಿನ ನಾಪತ್ತೆ. ಮೂರನೇ ಸಂಜೆ ಗೇಟು ತೆರೆದು ಬಂದರೆ ಹುಡುಗಿ ಅಡ್ಡ ನಿಂತಳು. “ತಾತ, ರಜಾ ಚೀಟಿ?”

ರಜಾ ಚೀಟಿ ಎಂದರೇನೆಂದು ಅವಳಿಗೆ ಹೇಳಿಕೊಟ್ಟವನು ನಾನೇ. ‘ಇಂದ’ ಎಲ್ಲಿ, ‘ಗೆ’ ಎಲ್ಲಿ, ‘ವಿಷಯ’ ಎಲ್ಲಿ ಎಂಬ ನಮೂನೆಯನ್ನು ಹಿಂದಿನ ದಿನವಷ್ಟೇ ನನ್ನಿಂದ ಕೇಳಿ ಬರೆಸಿಕೊಂಡಿದ್ದಳು. ಈ ಮನೆಯಲ್ಲಿ ಯಾರಾದರೂ ತಾವಾಗಿ ಬಂದು ನನ್ನಿಂದ ಪಾಠ ಹೇಳಿಸಿಕೊಂಡದ್ದು ಅದೇ ಮೊದಲು. ಪಂಡಿತರು ಜಗಲಿಯ ಮೇಲೆ ಕೂತು, ಕನ್ನಡಕ ಏರಿಸಿ, ಮಂಡಿನೋವಿನ ನಿಮಿತ್ತ ಎರಡು ದಿನದ ರಜೆಯನ್ನು ದಯಮಾಡಿ ಮಂಜೂರು ಮಾಡಬೇಕೆಂದು ಬರೆದುಕೊಟ್ಟರು. ಮಕ್ಕಳಿಬ್ಬರೂ ಕೆಂಪು ಪೆನ್ನು ಹಿಡಿದು ಓದಿದರು. ಜನ್ಮವಿಡೀ ಕನ್ನಡ ಪಾಠ ಹೇಳಿದ ಮನುಷ್ಯ ತಾರೀಖು ಬರೆಯುವುದನ್ನೇ ಮರೆತಿದ್ದರು, ಸಹಿಯೂ ಇರಲಿಲ್ಲ. ಹತ್ತಕ್ಕೆ ಆರು ಕೊಟ್ಟು, ಬೇಕಿದ್ದರೆ ಇನ್ನೂ ಎಂಟು ಸಲ ಬರೆಯಬಹುದು ಎಂದು ಕೆಳಗೆ ಷರಾ ಹಾಕಿದ್ದಾರೆ.