ಶಾಸಕಾಶ್ರಮ ಧರ್ಮ ಸಂಗ್ರಹ

ಕರ್ನಾಟಕ ವಿಧಾನಸಭೆಯ 224 ಕ್ಷೇತ್ರಗಳಿಗೆ ತಲಾ ಒಬ್ಬನಂತೆ ಹಂಚಿಕೆಯಾಗಿರುವ, ಕನಿಷ್ಠ 25 ವರ್ಷ ತುಂಬಿದ, ಸದನ ನಡುವೆಯೇ ವಿಸರ್ಜನೆಯಾಗದಿದ್ದರೆ ಐದು ವರ್ಷ ಬಾಳುವ ಜನಪ್ರತಿನಿಧಿಗೆ ಶಾಸಕನೆಂದು ಹೆಸರು. ಲಕ್ಷಣವಾಕ್ಯದಲ್ಲಿ ಪುಲ್ಲಿಂಗ ಬಳಕೆಯಾಗಿರುವುದಕ್ಕೆ ಕಾರಣ ಶಾಸ್ತ್ರಕಾರರ ಪಕ್ಷಪಾತವಲ್ಲ, 2023ರ ಚುನಾವಣೆಯಲ್ಲಿ ಗೆದ್ದ ಮಹಿಳೆಯರ ಸಂಖ್ಯೆ 10 ಎಂಬುದು. ಕಾನೂನು ರಚಿಸುವುದೇ ಇವನ ಸ್ವಧರ್ಮವೆಂಬುದು ಪೂರ್ವಪಕ್ಷ, ಅಂದರೆ ಖಂಡಿಸುವ ಸಲುವಾಗಿಯೇ ಮೊದಲು ಮಂಡಿಸಲಾಗುವ ವಾದ. ಅದರ ವಿಚಾರಣೆಗೆ ಮುನ್ನ ಶಾಸಕನ ನಾಲ್ಕು ಆಶ್ರಮಗಳನ್ನು ಕ್ರಮವಾಗಿ ನಿರೂಪಿಸುವುದು ಉಚಿತ.

ಒಂದು: ಬ್ರಹ್ಮಚರ್ಯ. ಟಿಕೆಟ್ ಆಕಾಂಕ್ಷಿಯಾಗಿ ಗುರುಸೇವೆ ಮಾಡುವ ಅವಧಿಯಿದು. ಗುರುವಿಗೆ ಹೈಕಮಾಂಡ್ ಎಂದು ಹೆಸರು. ಗುರುಕುಲ ಸಾಮಾನ್ಯವಾಗಿ ದೆಹಲಿಯಲ್ಲಿದ್ದು, ಶಿಷ್ಯನು ಅಲ್ಲಿ ಕಾಯುವುದನ್ನೇ ಪ್ರಧಾನ ವಿದ್ಯೆಯಾಗಿ ಕಲಿಯುತ್ತಾನೆ. ಊರಿಗೆ ಮರಳಿದಾಗ ತನ್ನ ಹುಟ್ಟುಹಬ್ಬಕ್ಕೆ ಅಭಿಮಾನಿಗಳ ಹೆಸರಿನಲ್ಲಿ ತಾನೇ ಫ್ಲೆಕ್ಸ್ ಕಟ್ಟಿಸುವುದು, ಶಾಲಾಮಕ್ಕಳಿಗೆ ತನ್ನ ಭಾವಚಿತ್ರವಿರುವ ನೋಟ್‌ಬುಕ್ ಹಂಚುವುದು, ಪತ್ರಕರ್ತರು ಕೇಳಿದಾಗ ತಾನು ಪಕ್ಷದ ಶಿಸ್ತಿನ ಸಿಪಾಯಿಯೇ ಹೊರತು ಆಕಾಂಕ್ಷಿಯಲ್ಲವೆನ್ನುವುದು ಇವನ ನಿತ್ಯವಿಧಿಗಳು. ಅಧಿಕೃತ ಅಭ್ಯರ್ಥಿ ಇವನೇ ಎಂದು ಪಕ್ಷವು ಚುನಾವಣಾಧಿಕಾರಿಗೆ ಕೊಡುವ ಬಿ ಫಾರಂ ದೊರೆತರೆ ಉಪನಯನ ಮುಗಿದಂತೆ. ದೊರೆಯದಿದ್ದರೆ ಅದೇ ಶಿಸ್ತಿನ ಸಿಪಾಯಿಗೆ ಬಂಡಾಯ ಅಭ್ಯರ್ಥಿಯೆಂಬ ಸಂಜ್ಞೆ ಬರುತ್ತದೆ. ಚುನಾವಣಾ ವೆಚ್ಚದ ಮಿತಿ 2022ರಿಂದ 40 ಲಕ್ಷ ರೂಪಾಯಿ. ಅಭ್ಯರ್ಥಿಗಳು ಸಲ್ಲಿಸುವ ಲೆಕ್ಕಪತ್ರಗಳು ಈ ಮಿತಿಯೊಳಗೆ ಅಚ್ಚುಕಟ್ಟಾಗಿ ಅಡಗುವುದನ್ನು ನೋಡಿದರೆ, ಮಿತವ್ಯಯದಲ್ಲಿ ಇವರನ್ನು ಮೀರಿಸುವ ಬ್ರಹ್ಮಚಾರಿಗಳು ಪುರಾಣಗಳಲ್ಲಿಯೂ ವಿರಳವೆನ್ನಬೇಕು.

ಎರಡು: ಗಾರ್ಹಸ್ಥ್ಯ. ಸಾಮಾನ್ಯ ಗೃಹಸ್ಥನು ತನ್ನ ಮನೆಯನ್ನು ನೋಡಿಕೊಂಡರೆ, ಶಾಸಕನಾದವನು ಕ್ಷೇತ್ರದ ಮನೆಗಳನ್ನೆಲ್ಲ ನೋಡಿಕೊಳ್ಳಬೇಕಾಗುತ್ತದೆ. ಇವನ ಪಂಚಮಹಾಯಜ್ಞಗಳು ಇಂತಿವೆ: ಮದುವೆಯಲ್ಲಿ ಅಕ್ಷತೆ ಹಾಕುವುದು, ಗೃಹಪ್ರವೇಶದಲ್ಲಿ ಊಟ ಮಾಡುವುದು, ಸಾವಿನ ಮನೆಯಲ್ಲಿ ಸಾಂತ್ವನ ಹೇಳುವುದು, ವರ್ಗಾವಣೆಗೆ ಶಿಫಾರಸು ಪತ್ರ ಕೊಡುವುದು, ಕಾಮಗಾರಿಗೆ ಗುದ್ದಲಿಪೂಜೆ ಮಾಡುವುದು. ಶಿಫಾರಸು ಪತ್ರವು ಕೇಳಿದವರಿಗೆಲ್ಲ ಸಲ್ಲುವಂಥದ್ದು. ಒಂದೇ ಹುದ್ದೆಗೆ ಇಬ್ಬರು ಪತ್ರ ಹಿಡಿದು ಹೋದರೆ ಅದು ಸಮದರ್ಶಿತ್ವದ ಲಕ್ಷಣ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಾಗಿ ವರ್ಷಕ್ಕೆ 2 ಕೋಟಿ ರೂಪಾಯಿ ಲಭ್ಯವಿದ್ದರೂ ಗುದ್ದಲಿಪೂಜೆಯ ಫಲ ರಸ್ತೆಯಲ್ಲವೆಂಬುದನ್ನು ಗಮನಿಸಬೇಕು. ಫಲಾಪೇಕ್ಷೆಯಿಲ್ಲದೆ ಮಾಡುವ ಕರ್ಮವೇ ಶ್ರೇಷ್ಠವಾದ್ದರಿಂದ ಒಂದೇ ರಸ್ತೆಗೆ ಎರಡು ಬಾರಿ ಪೂಜೆ ನಡೆದರೂ ದೋಷವಿಲ್ಲ.

ಮೂರು: ವಾನಪ್ರಸ್ಥ. ಧರ್ಮಶಾಸ್ತ್ರಗಳ ಪ್ರಕಾರ ತಲೆ ನರೆತಾಗ ಕಾಡಿಗೆ ಹೋಗತಕ್ಕದ್ದು. ಶಾಸಕಶಾಸ್ತ್ರದ ಪ್ರಕಾರ ಸರ್ಕಾರದ ತಲೆಯೆಣಿಕೆ ಬಹುಮತದ ಗೆರೆಯಾದ 113ರ ಆಸುಪಾಸಿಗೆ ಇಳಿದಾಗ ರೆಸಾರ್ಟಿಗೆ ಹೋಗತಕ್ಕದ್ದು. ಈ ತಪಸ್ಸಿಗೆ ಕರ್ನಾಟಕ ಪ್ರಶಸ್ತ ಭೂಮಿ: 1984ರಲ್ಲಿ ಆಂಧ್ರದ ಎನ್.ಟಿ. ರಾಮರಾವ್ ಅವರ ಶಾಸಕರೂ, 2017ರಲ್ಲಿ ಗುಜರಾತಿನ ಕಾಂಗ್ರೆಸ್ ಶಾಸಕರೂ ಇಲ್ಲಿಗೇ ಬಂದಿದ್ದರು. ಮೊಬೈಲ್ ತ್ಯಾಗ ಈ ಆಶ್ರಮದ ಅತಿ ಕಠಿಣ ವ್ರತ. ಪಕ್ಷಾಂತರ ತಡೆಯಲು 1985ರಲ್ಲಿ ಸಂವಿಧಾನಕ್ಕೆ ಹತ್ತನೆಯ ಅನುಸೂಚಿ ಸೇರಿತಾದರೂ, 2008ರ ಬಳಿಕ ಆಪರೇಷನ್ ಕಮಲವೆಂದು ಹೆಸರಾದ ಪದ್ಧತಿಯಲ್ಲಿ ಶಾಸಕನು ಪಕ್ಷವನ್ನು ಬಿಡುವ ಬದಲು ಸ್ಥಾನವನ್ನೇ ಬಿಟ್ಟು, ಬೇರೆ ಚಿಹ್ನೆಯಲ್ಲಿ ಮರುಜನ್ಮ ಪಡೆಯುವ ಮಾರ್ಗ ತೆರೆಯಿತು. 2019ರಲ್ಲಿ ಸಭಾಧ್ಯಕ್ಷರು 17 ಶಾಸಕರನ್ನು ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಮರುಸ್ಪರ್ಧೆಗೆ ಅವಕಾಶ ಕೊಟ್ಟಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಸ್ಪರ್ಧಿಸಿದ 13 ಅನರ್ಹರ ಪೈಕಿ 11 ಮಂದಿಯನ್ನು ಮತದಾರರು ಅರ್ಹರೆಂದು ತೀರ್ಮಾನಿಸಿದರು. ತಪಸ್ಸಿನ ಫಲ ಮಂತ್ರಿಪದವಿ. ಆದರೆ 2003ರ ತಿದ್ದುಪಡಿಯಂತೆ ಮುಖ್ಯಮಂತ್ರಿಯೂ ಸೇರಿ ಸಂಪುಟ 34ನ್ನು ಮೀರುವಂತಿಲ್ಲವಾದ್ದರಿಂದ, ವರ ಸಿಗದೆ ಉಳಿದ ತಪಸ್ವಿಗಳಿಗೆ ಅತೃಪ್ತರೆಂಬ ಹೆಸರು ಬಂದು, ವಾನಪ್ರಸ್ಥವು ಮತ್ತೆ ಮೊದಲಿನಿಂದ ಆರಂಭವಾಗುತ್ತದೆ.

ನಾಲ್ಕು: ಸನ್ಯಾಸ. ಆರೋಪ ಸಾಬೀತಾದರೆ ರಾಜಕೀಯ ಸನ್ಯಾಸ ಸ್ವೀಕರಿಸುವುದಾಗಿ ಶಾಸಕನು ಆಗಾಗ ಸಾರುವುದರಿಂದ ಈ ಆಶ್ರಮದ ಅಸ್ತಿತ್ವ ಸಿದ್ಧವಾಗುತ್ತದೆಯೇ ಹೊರತು ಅದರೊಳಗೆ ಕಾಲಿಟ್ಟವರು ವಿರಳ. ವಯಸ್ಸಾದಾಗ ನಿಗಮ ಮಂಡಳಿಯೋ ವಿಧಾನ ಪರಿಷತ್ತೋ ದೊರೆಯುತ್ತದೆ. ಏನೂ ದೊರೆಯದಿದ್ದರೆ ಕ್ಷೇತ್ರವನ್ನು ಮಗನಿಗೆ ಧಾರೆಯೆರೆಯಲಾಗುತ್ತದೆ. 1952ರಲ್ಲಿ ಮೊದಲ ಬಾರಿ ಗೆದ್ದು, ಮೂರು ಅವಧಿಗೆ ಶಾಸಕರಾಗಿ, 1972ರಲ್ಲಿ ಬಡವರಾಗಿಯೇ ತೀರಿಕೊಂಡ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಈ ಶಾಸ್ತ್ರಕ್ಕೆ ಅಪವಾದ. ಅವರ ಆದರ್ಶವನ್ನು ಎಲ್ಲ ಪಕ್ಷದವರೂ ಭಾಷಣಗಳಲ್ಲಿ ಕೊಂಡಾಡುವುದರಿಂದ, ಅದನ್ನು ಪಾಲಿಸುವ ಹೊಣೆ ಯಾರ ಮೇಲೂ ಉಳಿದಿಲ್ಲ.

ಈಗ ಸಿದ್ಧಾಂತ. ಸದನ ನಡೆಯಲು ಹತ್ತನೆಯ ಒಂದು ಭಾಗ, ಅಂದರೆ 23 ಮಂದಿ ಇದ್ದರೆ ಸಾಕು; ಮಸೂದೆಗಳು ಗದ್ದಲದ ನಡುವೆ ಧ್ವನಿಮತದಿಂದ, ಎಂದರೆ ತಲೆಯೆಣಿಸದೆ ಹೌದು-ಇಲ್ಲಗಳ ಸದ್ದನ್ನಷ್ಟೇ ಆಲಿಸಿ, ಅಂಗೀಕಾರವಾಗಬಲ್ಲವು; ಪಕ್ಷದ ವಿಪ್‌ಗೆ ವಿರುದ್ಧವಾಗಿ ಮತ ಹಾಕಿದವನು ಹತ್ತನೆಯ ಅನುಸೂಚಿಯ ಪ್ರಕಾರ ಸ್ಥಾನ ಕಳೆದುಕೊಳ್ಳಬಹುದಾದ್ದರಿಂದ ಮಸೂದೆಯನ್ನು ಓದಿ ಅಭಿಪ್ರಾಯ ತಳೆಯುವುದು ಶ್ರಮವಷ್ಟೇ ಅಲ್ಲ, ಅಪಾಯವೂ ಹೌದು. ಮತದಾರನಾದರೋ ಮಗಳ ಮದುವೆಗೆ ಶಾಸಕ ಬಾರದಿದ್ದುದನ್ನು ಮುಂದಿನ ಚುನಾವಣೆಯವರೆಗೂ ನೆನಪಿಡುತ್ತಾನೆಯೇ ಹೊರತು ಯಾವ ಮಸೂದೆಯ ಮೇಲೆ ಏನು ಮಾತನಾಡಿದೆಯೆಂದು ಕೇಳುವುದಿಲ್ಲ. ಕೇಳದ್ದನ್ನು ಕೊಡುವುದು ಪ್ರಜಾಪ್ರಭುತ್ವದಲ್ಲಿ ಉದ್ಧಟತನವೆನಿಸುವುದರಿಂದ ಪೂರ್ವಪಕ್ಷ ಬಿದ್ದುಹೋಗುತ್ತದೆ. ಹಾಗಾದರೆ ಕಾನೂನುಗಳನ್ನು ಬರೆಯುವವರು ಯಾರೆಂಬ ಶಂಕೆ ಉಳಿದರೆ ಸಮಾಧಾನ ಇಷ್ಟೇ: ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಅಧಿಕಾರಿಗಳನ್ನು ಕ್ಷೇತ್ರದ ಯಾರೂ ಮದುವೆಗೆ ಕರೆಯುವುದಿಲ್ಲವಾದ್ದರಿಂದ ಅವರಿಗೆ ಬಿಡುವಿರುತ್ತದೆ.