ಪಿಂಚಣಿ ಹನ್ನೆರಡು, ರೀಚಾರ್ಜ್ ಹದಿಮೂರು

ವರ್ಷಕ್ಕೆ ಪಿಂಚಣಿ ಬರುವುದು 12 ಸಲ. ಮೊಬೈಲಿಗೆ ದುಡ್ಡು ಹಾಕಿಸಬೇಕಾದ್ದು 13 ಸಲ. ಪಿಂಚಣಿ ಕೊಡುವವರ ತಿಂಗಳಿಗೆ 30 ದಿನವೋ 31 ದಿನವೋ; ರೀಚಾರ್ಜಿನವರ ತಿಂಗಳು 28ಕ್ಕೇ ಮುಗಿಯುತ್ತದೆ. 365ನ್ನು 28ರಿಂದ ಭಾಗಿಸಿದರೆ 13 ಬಂದು ಒಂದು ದಿನ ಉಳಿಯುತ್ತದೆ ಎಂಬ ಲೆಕ್ಕವನ್ನು ಬೆಂಗಳೂರಿನ ಲಗ್ಗೆರೆಯ ಯಜಮಾನರೊಬ್ಬರು ದಿನಸಿ ಅಂಗಡಿಯವನು ಪುಕ್ಕಟೆ ಕೊಟ್ಟ ಕ್ಯಾಲೆಂಡರಿನ ಹಿಂಬದಿಯಲ್ಲಿ ಮಾಡಿಟ್ಟಿದ್ದಾರೆ. ಹಾಗಂತ ಫೋನೇ ಬೇಡ ಎನ್ನುವಂತಿಲ್ಲ. ಪಿಂಚಣಿ ಬಂತೆಂದು ಹೇಳುವುದು ಅದೇ, ಗ್ಯಾಸ್ ಸಿಲಿಂಡರ್ ತಂದವನು ಕೇಳುವ ಓಟಿಪಿ ಬರುವುದೂ ಅದಕ್ಕೇ. ಮಗ ತನ್ನ ಹಳೇ ಸ್ಮಾರ್ಟ್‌ಫೋನನ್ನು ಪ್ರೀತಿಯಿಂದ ದಾನ ಮಾಡಿದ. ಅದನ್ನು ಸಾಕುವ ಖರ್ಚು ಅಪ್ಪನ ತಲೆಗೆ ಬಂತು.

ಯಜಮಾನರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಮೆಷಿನ್ನಿನ ಮುಂದೆ ನಿಂತು ಸವೆದವರು. ಅವರದು 1995ರ ನೌಕರರ ಪಿಂಚಣಿ ಯೋಜನೆ, ಬಾಯಿಮಾತಿನಲ್ಲಿ ಪಿ.ಎಫ್. ಪಿಂಚಣಿ. ಸೂತ್ರ ಸುಲಭ: ಲೆಕ್ಕಕ್ಕೆ ಹಿಡಿದ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಆದರೆ ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವ ಸಂಬಳ 15,000 ರೂಪಾಯಿ ದಾಟುವುದಿಲ್ಲ; 2014ರ ಸೆಪ್ಟೆಂಬರಿಗೆ ಮುಂಚೆ ಆ ಮಿತಿ 6,500. 35 ವರ್ಷ ದುಡಿದವನಿಗೆ ಪೂರ್ತಿ 15,000ದ ಮೇಲೆ ಲೆಕ್ಕ ಬಿದ್ದರೂ ಬರುವುದು 7,500. ಕನಿಷ್ಠ ಪಿಂಚಣಿ ತಿಂಗಳಿಗೆ 1,000 ಎಂದು ನಿಗದಿಯಾದದ್ದೂ ಆ ಸೆಪ್ಟೆಂಬರಿನಲ್ಲೇ. ಹತ್ತು ವರ್ಷ ಕಳೆದರೂ ಅದು ಕೂತ ಜಾಗ ಬಿಟ್ಟೇಳಲಿಲ್ಲ. ತುಟ್ಟಿಭತ್ಯೆ ಎಂಬುದು ಈ ಪಿಂಚಣಿಗೆ ಗೊತ್ತೇ ಇಲ್ಲ. ತೊಗರಿಬೇಳೆ ಏರಲಿ, ಇಳಿಯಲಿ, ಅದು ಸ್ಥಿತಪ್ರಜ್ಞ.

ಯಜಮಾನರ ಕೈಗೆ ಸಿಗುವುದು ಎರಡು ಸಾವಿರ ಚಿಲ್ಲರೆ.

2023ರ ಆಗಸ್ಟ್‌ವರೆಗೆ ಅವರು ನಿಜಕ್ಕೂ ಯಜಮಾನರೇ ಆಗಿದ್ದರು. ಆಮೇಲೆ ಗೃಹಲಕ್ಷ್ಮಿ ಬಂತು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಆ ಮನೆಯಲ್ಲಿ ಯಜಮಾನಿಕೆ ಯಾರದು ಎಂದು ಮದುವೆಯಾದಂದಿನಿಂದ ನಡೆಯುತ್ತಿದ್ದ ವಾದವನ್ನು ಸರ್ಕಾರ ಒಂದು ಅರ್ಜಿ ನಮೂನೆಯಲ್ಲಿ ಇತ್ಯರ್ಥ ಮಾಡಿಬಿಟ್ಟಿತು. ಈಗ ಇಬ್ಬರ ವರಮಾನವೂ ಹೆಚ್ಚುಕಡಿಮೆ ಸಮ. ವ್ಯತ್ಯಾಸವಿಷ್ಟೇ: ಅವರದು ಬಂದ ದಿನವೇ ಔಷಧಿ ಅಂಗಡಿಗೆ ಹೋಗುತ್ತದೆ, ಆಕೆಯದು ಎಲ್ಲಿ ಹೋಗುತ್ತದೆಂದು ಕೇಳುವ ಧೈರ್ಯ ಅವರಿಗಿಲ್ಲ.

ಅದಕ್ಕೂ ಮೊದಲೇ, ಅದೇ ವರ್ಷ ಜೂನ್ 11ಕ್ಕೆ, ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಶುರುವಾಗಿತ್ತು. ಲಗ್ಗೆರೆ ಬಿಟ್ಟು ಕದಲದಿದ್ದ ಯಜಮಾನಿ ಈಗ ಸೊಪ್ಪಿಗೆ ಕೆ.ಆರ್. ಮಾರ್ಕೆಟ್ಟು, ಈರುಳ್ಳಿಗೆ ಯಶವಂತಪುರದ ಯಾರ್ಡು ಎಂದು ಹೊರಡುತ್ತಾರೆ. ಜತೆಗೆ ಹೋದರೆ ಚೀಲ ಹೊರಲು ಇವರೊಬ್ಬರು ಇರುತ್ತಾರೆ, ನಿಜ. ಆದರೆ 60 ದಾಟಿದ ಗಂಡಸಿಗೆ ಸರ್ಕಾರಿ ಬಸ್ಸಿನಲ್ಲಿ ಸಿಗುವ ರಿಯಾಯಿತಿ ಶೇಕಡಾ 25 ಮಾತ್ರ. "ಅಮ್ಮಂದು ಫ್ರೀ. ಯಜಮಾನ್ರೇ, ನಿಮ್ದು ತೆಗೀರಿ" ಎಂದು ಕಂಡಕ್ಟರ್ ತುಂಬಿದ ಬಸ್ಸಿನಲ್ಲಿ ಕೂಗಿದಾಗ ಯಜಮಾನರು ಕಿಟಕಿಯಾಚೆ ನೋಡುತ್ತಾರೆ. ಇವರ ಹೋಗಿಬರುವ ಚಾರ್ಜಿಗೆ ಎರಡು ಕಟ್ಟು ಕೊತ್ತಂಬರಿ ಬರುತ್ತದೆ ಎಂಬುದು ಯಜಮಾನಿಯ ಆಕ್ಷೇಪ. ಕೊನೆಗೆ ಆಕೆ ಒಬ್ಬರೇ ಹೋಗುವುದೆಂದು ಸಂಸಾರ ಸಭೆಯಲ್ಲಿ ತೀರ್ಮಾನವಾಯಿತು.

ಅಲ್ಲಿಂದ ಆಕೆಯ ಭೂಗೋಳ ಹಿಗ್ಗಿತು. ಧರ್ಮಸ್ಥಳ ಆಯಿತು, ಕುಕ್ಕೆ ಆಯಿತು, ಹೊರನಾಡು ಆಯಿತು. ಬೀದಿಯ ಹೆಂಗಸರ ತಂಡ ಹೊರಟಾಗಲೆಲ್ಲ ಯಜಮಾನರು ಮನೆಯಲ್ಲಿ ತಿಳಿಸಾರು ಕಾಯಿಸಿಕೊಂಡು ಇರುತ್ತಾರೆ. ತಿರುಪತಿಯ ತಿಮ್ಮಪ್ಪ ಮತ್ತು ಮಂತ್ರಾಲಯದ ರಾಯರು ಮಾತ್ರ ರಾಜ್ಯದ ಗಡಿ ದಾಟಿ ನೆಲೆಸಿದ್ದರಿಂದ ಇನ್ನೂ ಕಾಯುತ್ತಿದ್ದಾರೆ. ಅಂತರರಾಜ್ಯ ಬಸ್ಸಿಗೆ ಶಕ್ತಿ ನಡೆಯುವುದಿಲ್ಲ. ರೈಲಿನಲ್ಲಿ ಹೋಗೋಣವೆಂದರೆ ಹಿರಿಯರ ರಿಯಾಯಿತಿ 2020ರ ಮಾರ್ಚ್‌ನಲ್ಲೇ ನಿಂತಿತು. ಅದಕ್ಕೆ ಮುಂಚೆ 60 ತುಂಬಿದ ಗಂಡಸರಿಗೆ ಶೇಕಡಾ 40, 58 ತುಂಬಿದ ಹೆಂಗಸರಿಗೆ ಶೇಕಡಾ 50 ಇತ್ತು. ಉಳಿದುಕೊಂಡಿರುವುದು ಕೆಳಗಿನ ಬರ್ತಿನ ಸೌಲಭ್ಯ. ಪೂರ್ತಿ ದುಡ್ಡು ಕೊಟ್ಟು ಕೆಳಗೆ ಮಲಗಬಹುದು, ಖಾಲಿ ಇದ್ದರೆ.

ಇನ್ನು ಹಾಲು. ದಿನಕ್ಕೆ ಅರ್ಧ ಲೀಟರಿನ ನೀಲಿ ನಂದಿನಿ ಪ್ಯಾಕೆಟ್ಟು, ಅದರೊಳಗೆ ಎರಡು ಹೊತ್ತಿನ ಕಾಫಿ ಮತ್ತು ಮೊಸರು. 2024ರ ಜೂನಿನಲ್ಲಿ ಇದ್ದಕ್ಕಿದ್ದಂತೆ ಪ್ಯಾಕೆಟ್ಟಿನೊಳಗೆ 50 ಮಿಲಿಲೀಟರ್ ಹಾಲು ಹೆಚ್ಚಾಯಿತು, ಬೆಲೆಯೂ 22ರಿಂದ 24 ಆಯಿತು. ಕೇಳದೆ ಬಂದ ಆ ಹಾಲನ್ನು ಏನು ಮಾಡುವುದೆಂದು ಯಜಮಾನಿ ಒಂದು ವಾರ ಯೋಚಿಸಿ, ಯಜಮಾನರಿಗೆ ಮಧ್ಯಾಹ್ನ ನಾಲ್ಕಕ್ಕೆ ಒಂದು ಗುಟುಕು ಕಾಫಿ ಮಂಜೂರು ಮಾಡಿದರು. 2025ರ ಏಪ್ರಿಲ್ ಒಂದಕ್ಕೆ ಆ 50 ಮಿಲಿಲೀಟರ್ ಹಿಂದಕ್ಕೆ ಹೋಯಿತು. 24 ರೂಪಾಯಿ ಅಲ್ಲೇ ಉಳಿಯಿತು. ನಾಲ್ಕು ಗಂಟೆಯ ಕಾಫಿಯ ಅಭ್ಯಾಸವೂ ಉಳಿಯಿತು. ಮುಪ್ಪಿನಲ್ಲಿ ಹೊಸ ಚಟ ಹತ್ತಿಸಿಕೊಳ್ಳಬಾರದು ಎಂದು ಹಿರಿಯರು ಹೇಳುವುದು ಇಂಥದ್ದಕ್ಕೇ ಇರಬೇಕು.

ಕರೆಂಟಿನ ಕಥೆ ಬೇರೆ. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಉಚಿತ ಎಂದು ಕೇಳಿ ಹಿಗ್ಗಿದವರಿಗೆ ಆಮೇಲೆ ತಿಳಿದದ್ದು, ಉಚಿತವಾಗಿ ಸಿಗುವುದು ಹಿಂದಿನ ವರ್ಷದ ಸರಾಸರಿ ಬಳಕೆ ಮತ್ತು ಅದರ ಮೇಲೊಂದಿಷ್ಟು ಎಂದು. ಜೀವಮಾನವಿಡೀ "ಲೈಟ್ ಆರಿಸು, ಫ್ಯಾನ್ ಆರಿಸು" ಎಂದು ಮಕ್ಕಳ ಬೆನ್ನು ಬಿದ್ದು ಸರಾಸರಿಯನ್ನು ನೆಲಕ್ಕಿಳಿಸಿದ ಯಜಮಾನರಿಗೆ ಇದು ತಡೆದುಕೊಳ್ಳಲಾಗದ ಪೆಟ್ಟು. ಧಾರಾಳವಾಗಿ ಉರಿಸಿದ್ದ ಪಕ್ಕದ ಮನೆಯವರಿಗೆ ಈಗಲೂ ಧಾರಾಳವಾಗಿ ಸಿಗುತ್ತಿದೆ.

ಇಷ್ಟೆಲ್ಲ ಉಳಿತಾಯ ನಿಂತಿರುವುದು ಕಾಲಿನ ಮೇಲೆ. ಎರಡು ಬೀದಿ ಆಚೆ ಟೊಮೆಟೊ ಐದು ರೂಪಾಯಿ ಕಮ್ಮಿ, ನಡೆಯಬೇಕು. ಆಟೋ ಬೇಡವೆಂದರೆ ಬಸ್ ಸ್ಟಾಂಡಿನಲ್ಲಿ ನಿಲ್ಲಬೇಕು. ಕಾಸು ಉಳಿಸಲು ಕಾಲು ಸವೆಸಬೇಕು, ಕಾಲು ಸವೆದರೆ ಕಾಸು ಸುರಿಯಬೇಕು. ಮೂಳೆ ಡಾಕ್ಟರು "ಜಾಸ್ತಿ ಓಡಾಡಬೇಡಿ, ಆಟೋದಲ್ಲಿ ಹೋಗಿ" ಎಂದರೆ, ಶುಗರ್ ಡಾಕ್ಟರು "ದಿನಾ ಮುಕ್ಕಾಲು ಗಂಟೆ ನಡೀರಿ" ಎನ್ನುತ್ತಾರೆ. ಯಜಮಾನರು ಇಬ್ಬರಿಗೂ ಫೀಸು ಕೊಟ್ಟು, ಯಾರ ಮಾತು ಅಗ್ಗವೋ ಅದನ್ನು ಪಾಲಿಸುತ್ತಾರೆ.

ಮಾತ್ರೆಗೆ ಅವರು ಜನೌಷಧಿ ಕೇಂದ್ರ ಹಿಡಿದಿದ್ದಾರೆ. ಬ್ರ್ಯಾಂಡಿನ ಅರ್ಧ ಬೆಲೆಗೂ ಕಮ್ಮಿಗೆ ಸಿಗುವುದುಂಟು, ಅದು ನಿಜವಾದ ಉಪಕಾರ. ತೊಡಕೇನೆಂದರೆ ಡಾಕ್ಟರು ಬರೆಯುವುದು ಕಂಪನಿ ಇಟ್ಟ ಹೆಸರು, ಇಲ್ಲಿ ಸಿಗುವುದು ಮೂಲ ಔಷಧದ ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿಯ ಕೆಮಿಸ್ಟ್ರಿಯಲ್ಲಿ ಹೇಗೋ ದಾಟಿಕೊಂಡಿದ್ದ ಯಜಮಾನರು ಈಗ ಅಮ್ಲೋಡಿಪಿನ್, ಟೆಲ್ಮಿಸಾರ್ಟನ್, ಮೆಟ್‌ಫಾರ್ಮಿನ್ ಎಂದು ತಡವರಿಸದೆ ಹೇಳುತ್ತಾರೆ. ಯಜಮಾನಿಯ ಪದ್ಧತಿ ಇನ್ನೂ ಸರಳ: ಗುಂಡನೆಯ ಬಿಳಿಯದು ಬಿ.ಪಿ.ಗೆ, ಉದ್ದನೆಯ ಬಿಳಿಯದು ಶುಗರಿಗೆ. ಮಾತ್ರೆಯ ಆಕಾರ ಬದಲಾದ ತಿಂಗಳು ಮನೆಯಲ್ಲಿ ವಿಚಾರಣೆ ನಡೆಯುತ್ತದೆ.

ಬಜೆಟ್ಟಿನಲ್ಲಿ ಸೇರದ ಒಂದು ಖರ್ಚು ಮರ್ಯಾದೆ. ಇಂದಿರಾ ಕ್ಯಾಂಟೀನ್ 2017ರಲ್ಲಿ ಶುರುವಾದಾಗಿನಿಂದ ತಿಂಡಿ 5 ರೂಪಾಯಿ, ಊಟ 10. ಯಜಮಾನಿ ಹೊರನಾಡಿಗೆ ಹೋದ ದಿನ ಅಲ್ಲಿ ತಿಂದರೆ ಏನೂ ತಪ್ಪಿಲ್ಲ. ಆದರೆ ಹತ್ತಿರದ ಕ್ಯಾಂಟೀನಿನಲ್ಲಿ ಬೀಗರು ಕಂಡುಬಿಟ್ಟರೆ? ಅದಕ್ಕೇ ಅವರು ಗುರುತಿನವರಿಲ್ಲದ ಬಡಾವಣೆಯ ಕ್ಯಾಂಟೀನಿಗೆ ಬಸ್ಸಿನಲ್ಲಿ ಹೋಗುತ್ತಾರೆ. ಹೋಗಿಬರುವ ಚಾರ್ಜು ತಿಂಡಿಗಿಂತ ಹೆಚ್ಚು. ಒಂದು ಸಲ ಅಲ್ಲಿ ಸಾಲಿನಲ್ಲಿ ಅದೇ ಬೀಗರು ಸಿಕ್ಕರು. ಇಬ್ಬರೂ "ಸುಮ್ಮನೆ ಹೇಗಿದೆ ನೋಡೋಣ ಅಂತ ಬಂದೆ" ಎಂದರು.

ಪಾರ್ಕಿನ ಕಲ್ಲುಬೆಂಚಿನ ಮೇಲೆ ಪಿಂಚಣಿದಾರರಲ್ಲೂ ಜಾತಿಗಳಿವೆ. ಕೇಂದ್ರ ಸರ್ಕಾರದಿಂದ ನಿವೃತ್ತರಾದವರು ಮೇಲಿನವರು. ಜನವರಿ, ಜುಲೈ ಲೆಕ್ಕದಲ್ಲಿ ವರ್ಷಕ್ಕೆ ಎರಡು ಸಲ ಅವರಿಗೆ ಡಿ.ಎ. ಪರಿಷ್ಕರಣೆ. ಅವರು ಜೀವಂತ ಪ್ರಮಾಣಪತ್ರ ಕೊಡಬೇಕಾದ್ದು ನವೆಂಬರಿನಲ್ಲಿ, 80 ದಾಟಿದ್ದರೆ ಅಕ್ಟೋಬರಿನಿಂದಲೇ ಕೊಡಬಹುದು. ಪಿ.ಎಫ್. ಪಿಂಚಣಿಯವರು ವರ್ಷದ ಯಾವ ತಿಂಗಳಲ್ಲಿ ಬೇಕಾದರೂ ಬದುಕಿರಬಹುದು. ಒಮ್ಮೆ ಬದುಕಿದ್ದರೆ 12 ತಿಂಗಳು ನಡೆಯುತ್ತದೆ. ಲೇತ್ ಹಿಡಿದು ಬೆರಳಿನ ಗೆರೆಯೆಲ್ಲ ಅಳಿಸಿಹೋದ ಯಜಮಾನರ ಹೆಬ್ಬೆಟ್ಟನ್ನು ಯಂತ್ರ ಒಪ್ಪಲಿಲ್ಲ. ಮುಖ ತೋರಿಸಿ ಎಂದಿತು ಮೊಬೈಲು. ಇವರು ಸ್ಟುಡಿಯೋದಲ್ಲಿ ಕೂತವರ ಹಾಗೆ ಕಣ್ಣು ಬಿಗಿಹಿಡಿದು ಕೂತರೆ, ಅದಕ್ಕೆ ಬೇಕಾದ್ದು ಕಣ್ಣು ಮಿಟುಕಿಸುವುದು. ಆಗ ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡಲು 70 ರೂಪಾಯಿ ತೆಗೆದುಕೊಳ್ಳುತ್ತಿದ್ದ. ಬದುಕಿದ್ದೇನೆಂದು ಹೇಳಲು 70 ರೂಪಾಯಿಯೇ ಎಂದು ಯಜಮಾನರು ಮಿಟುಕಿಸುವುದನ್ನು ಕಲಿತರು.

"ನಮಗೆ ಎಂಬತ್ತು ತುಂಬಿದ್ರೆ ಪಿಂಚಣಿ ಮೇಲೆ ಶೇಕಡಾ ಇಪ್ಪತ್ತು ಜಾಸ್ತಿ ಕಣ್ರೀ. ನೂರು ತುಂಬಿದ್ರೆ ನೂರಕ್ಕೆ ನೂರು, ಡಬಲ್ಲು!" ಎಂದರು ಬೆಂಚಿನ ಆ ತುದಿಯ ಕೇಂದ್ರ ಸರ್ಕಾರದವರು.

"ನಮಗೆ ನೂರಾದ್ರೂ ಅಷ್ಟೇ ಸ್ವಾಮಿ, ಅದಕ್ಕೇ ಅವಸರ ಇಲ್ಲ," ಎಂದು ಯಜಮಾನರು ಎದ್ದರು. "ಅದಿರ್ಲಿ, ಇವತ್ತಿನ ಬೈ-ಟು ಯಾರದು?"

ಡಿ.ಎ. ಬರುವವರದು ಎಂಬುದು ಬೆಂಚಿನ ಕಾನೂನು. ಜುಲೈ ಡಿ.ಎ. ಇನ್ನೂ ಘೋಷಣೆಯೇ ಆಗಿಲ್ಲ ಎಂದು ಅವರು ಚಪ್ಪಲಿ ಹುಡುಕತೊಡಗಿದರು.