ಬ್ಲೋವರ್ ಬಿಚ್ಚುವ ಗೃಹಸ್ಥ

ಭಾನುವಾರ ಬೆಳಗ್ಗೆ ಕಾರಿನ ಎಡಬಾಗಿಲು ತೆರೆದು, ಸೀಟನ್ನು ಹಿಂದಕ್ಕೆ ತಳ್ಳಿ, ಕಾಲುಗಳನ್ನು ಮಾತ್ರ ಹೊರಗೆ ಬಿಟ್ಟು ಮಲಗಿರುವ ಗೃಹಸ್ಥ ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಾದರೂ ಸಿಕ್ಕಾನು. ಗ್ಲೋವ್‌ಬಾಕ್ಸಿನ ಹಿಂದಿರುವ ಬ್ಲೋವರ್ ಮೋಟರನ್ನು ತಾನೇ ಬದಲಾಯಿಸುತ್ತಿರುತ್ತಾನೆ. ಕಂಡವರೆಲ್ಲ ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತಾರೆ: ಜಿಪುಣ. ಈ ತೀರ್ಪು ತಪ್ಪು ಎನ್ನುವುದೇ ನನ್ನ ವಾದ. ಜಿಪುಣತನಕ್ಕೆ ಅದರದೇ ಆದ ಶಿಸ್ತಿದೆ. ಅಸಲಿ ಜಿಪುಣ ಬ್ಲೋವರ್ ಕೆಟ್ಟರೆ ಕಿಟಕಿ ಇಳಿಸಿಕೊಂಡು ಓಡಾಡುತ್ತಾನೆ; ಮಳೆಗಾಲದಲ್ಲಿ ಗಾಜಿಗೆ ಹಬೆ ಕವಿದರೆ ಹಳೇ ಬನಿಯನ್ನಿನಿಂದ ಒರೆಸಿಕೊಳ್ಳುತ್ತಾನೆ. ನಮ್ಮ ಗೃಹಸ್ಥ ಹಾಗಲ್ಲ. ಮೂರು ಸ್ಕ್ರೂ, ಒಂದು ಪ್ಲಗ್ಗು, ಅಷ್ಟರಲ್ಲಿ ಮುಗಿಯುವ ಕೆಲಸಕ್ಕೆ ಸ್ಪ್ಯಾನರ್ ಸೆಟ್ಟು ಕೊಳ್ಳುತ್ತಾನೆ. ಹಿಂದಿನ ಸ್ಕ್ರೂ ಎಟುಕುವುದಿಲ್ಲವೆಂದು ಅದಕ್ಕೊಂದು ಉದ್ದನೆಯ ಬಾಲ ಕೊಳ್ಳುತ್ತಾನೆ. ಕೈಜಾರಿ ಕಾರ್ಪೆಟ್ಟಿನಡಿ ಸೇರಿದ ಸ್ಕ್ರೂ ಹೆಕ್ಕಲು ಅಯಸ್ಕಾಂತದ ಕೋಲು ಕೊಳ್ಳುತ್ತಾನೆ. ಜೆ.ಸಿ. ರಸ್ತೆಗೆ ಎರಡು ಸಲ ಹೋಗಿಬರುತ್ತಾನೆ. ಒಮ್ಮೆ ಮೋಟರು ತರಲು, ಇನ್ನೊಮ್ಮೆ ಅದು ಬೇರೆ ಮಾಡೆಲಿನದೆಂದು ಬದಲಾಯಿಸಲು. ಎರಡು ಸಲವೂ ಆಟೊದಲ್ಲಿ, ಯಾಕೆಂದರೆ ಕಾರು ಬಿಚ್ಚಿದೆ.

ಜಿಪುಣನಲ್ಲದಿದ್ದರೆ ಮೆಕ್ಯಾನಿಕ್‌ಗಳನ್ನು ನಂಬದವನಿರಬೇಕು ಎಂಬುದು ಎರಡನೆಯ ಆಕ್ಷೇಪ. ಇದೂ ನಿಲ್ಲುವುದಿಲ್ಲ. ಮೆಕ್ಯಾನಿಕ್ ಎಂದರೆ ಅವನಿಗೆ ಅರ್ಚಕರ ಮೇಲಿರುವಷ್ಟೇ ಗೌರವ. ಅವನ ತಕರಾರು ಬಾಗಿಲು ಹಾಕಿ ಪೂಜೆ ಮಾಡುವುದರ ಬಗ್ಗೆ. ರಸ್ತೆಬದಿಯ ಗ್ಯಾರೇಜಿನಲ್ಲಿ ಪಕ್ಕದಲ್ಲೇ ನಿಂತು ಇಣುಕಬಹುದಿತ್ತು, ‘ಏನಾಗಿತ್ತು ಗುರೂ’ ಎಂದು ಕೇಳಬಹುದಿತ್ತು. ಸರ್ವಿಸ್ ಸೆಂಟರಿನಲ್ಲಿ ಸೋಫಾ ಇದೆ, ಟಿ.ವಿ. ಇದೆ, ಸಂಜೆಗೆ ಕೈಗೊಂದು ಬಿಲ್ಲು ಬರುತ್ತದೆ. ಏನಾಗಿತ್ತು ಎಂಬುದು ಮಾತ್ರ ಅದರಲ್ಲಿ ಇರುವುದಿಲ್ಲ. ಅವನಿಗೆ ಬೇಕಾದದ್ದು ಅದೊಂದೇ. ಕಾರಣ ಹುಡುಕುವವನಿಗೆ ಬ್ಲೋವರಿನಷ್ಟು ಒಗ್ಗುವ ಭಾಗ ಕಾರಿನಲ್ಲಿ ಇನ್ನೊಂದಿಲ್ಲ. 12 ವೋಲ್ಟಿನ ಪುಟ್ಟ ಮೋಟರು, ಅದರ ತಲೆಯ ಮೇಲೆ ಅಳಿಲಿನ ಪಂಜರದಂಥ ಪ್ಲಾಸ್ಟಿಕ್ ಗಾಲಿ. ಎ.ಸಿ.ಯ ತಂಪಾಗಲಿ, ಎಂಜಿನ್ನಿನ ಬಿಸಿನೀರಿನಿಂದ ಹೀಟರಿಗೆ ಬರುವ ಶಾಖವಾಗಲಿ, ಒಳಗೆ ತಳ್ಳುವುದು ಇದೊಂದೇ. ಕಿಚಿಕಿಚಿ ಎಂದರೆ ಬುಷ್ ಒಣಗಿದೆ. ಪಟಪಟ ಎಂದರೆ ಹೊಂಗೆಮರದ ಕೆಳಗೆ ನಿಲ್ಲಿಸಿದಾಗ ಎಲೆಯೊಂದು ಒಳಗಿಳಿದಿದೆ. ಗ್ಲೋವ್‌ಬಾಕ್ಸಿನ ಅಡಿಗೆ ಒಂದು ಒದೆ ಬಿದ್ದಾಗ ಮಾತ್ರ ತಿರುಗಿದರೆ ಕಾರ್ಬನ್ ಸವೆದಿದೆ. 1, 2, 3ರಲ್ಲಿ ಸತ್ತು 4ರಲ್ಲಿ ಮಾತ್ರ ಬೀಸಿದರೆ ಮೋಟರು ನಿರಪರಾಧಿ, ಕೆಟ್ಟಿರುವುದು ರೆಸಿಸ್ಟರು. ಕೆಳಗಿನ ವೇಗಗಳಿಗೆಲ್ಲ ಕರೆಂಟು ಅದನ್ನು ಹಾಯ್ದೇ ಬರಬೇಕು, ನಾಲ್ಕಕ್ಕೆ ಮಾತ್ರ ನೇರ ದಾರಿ. ಹೊಸ ರೆಸಿಸ್ಟರೂ ತಿಂಗಳೊಳಗೆ ಸುಟ್ಟರೆ, ಬಿಗಿಹಿಡಿದ ಮೋಟರು ಅಳತೆ ಮೀರಿ ಕರೆಂಟು ಎಳೆಯುತ್ತಿದೆ ಎಂದು ಸಂಶಯಪಡಬೇಕು. ಇಷ್ಟನ್ನೂ ಅವನು ಲಿಫ್ಟು ಐದನೆಯ ಮಹಡಿ ಮುಟ್ಟುವುದರೊಳಗೆ ಕೇಳದವರಿಗೂ ಹೇಳಿ ಮುಗಿಸುತ್ತಾನೆ. ಸಿಟ್ಟು ಬರಿಸುವ ಸಂಗತಿಯೆಂದರೆ, ಹೇಳಿದ್ದೆಲ್ಲ ಸರಿಯಾಗಿಯೇ ಇರುತ್ತದೆ.

ಹಾಗಾದರೆ ಅವನ ಪಾಡಿಗೆ ಅವನನ್ನು ಬಿಟ್ಟುಬಿಡಿ, ಯಾರಿಗೇನು ತೊಂದರೆ ಎನ್ನಬಹುದು. ಇಲ್ಲಿ ನಾನು ಸ್ವಲ್ಪ ದನಿ ಏರಿಸಲೇಬೇಕು. ತಾನೊಬ್ಬನೇ ಮಾಡುವ ರಿಪೇರಿ ಎಂಬುದು ಲೋಕದಲ್ಲಿ ಇಲ್ಲವೇ ಇಲ್ಲ. ಅಂಥ ಪ್ರತಿ ರಿಪೇರಿಯ ಬೆನ್ನಿಗೂ ಟಾರ್ಚ್ ಹಿಡಿದ ಇನ್ನೊಂದು ಜೀವ ನಿಂತಿರುತ್ತದೆ. ಅದು ಹೆಂಡತಿಯಾಗಿರಬಹುದು, ಮಗನಾಗಿರಬಹುದು, ಹಾಲು ತರಲು ಕೆಳಗಿಳಿದ ಪಕ್ಕದ ಮನೆಯವನಾಗಿರಬಹುದು. ‘ಇಲ್ಲಿ ಹಿಡಿ’ ಎನ್ನುತ್ತದೆ ಡ್ಯಾಶ್‌ಬೋರ್ಡಿನ ಕೆಳಗಿನ ದನಿ. ಇಲ್ಲಿ ಎಂದರೆ ಎಲ್ಲಿ? ತೋರಿಸುವ ಬೆರಳು ಕಾಣುವುದಿಲ್ಲ. ಬೆಳಕನ್ನು ಕೈಮೇಲೆ ಬಿಟ್ಟರೆ ‘ಕೈಮೇಲಲ್ಲ, ಸ್ಕ್ರೂ ಮೇಲೆ’. ಸ್ಕ್ರೂ ಮೇಲೆ ಬಿಟ್ಟರೆ ಅವನದೇ ತಲೆಯ ನೆರಳು ಅಡ್ಡ, ಆ ನೆರಳಿಗೂ ಹಿಡಿದವರೇ ಹೊಣೆ. ಸೊಳ್ಳೆ ಬಂದು ಕೂರುವುದು ಟಾರ್ಚ್ ಹಿಡಿದ ಮೊಣಕೈಯ ಮೇಲೆಯೇ, ಕೊಡವಿಕೊಂಡರೆ ಸ್ಕ್ರೂ ಬೀಳುತ್ತದೆ. ಸ್ಕ್ರೂ ಬಿದ್ದದ್ದು ಅವನ ಕೈಯಿಂದಲ್ಲ, ‘ನೀನು ಲೈಟ್ ಅಲ್ಲಾಡಿಸಿದ್ದರಿಂದ’. ಹಣೆಗೆ ಕಟ್ಟಿಕೊಳ್ಳುವ ಟಾರ್ಚನ್ನು ಹುಟ್ಟುಹಬ್ಬಕ್ಕೆ ಕೊಡಿಸಿದರೂ ಅದು ಡ್ರಾಯರಿನಲ್ಲೇ ಉಳಿಯುತ್ತದೆ. ತಾನು ನೋಡಿದ ಕಡೆಗೇ ಬೀಳುವ ಬೆಳಕನ್ನು ಬೈಯುವಂತಿಲ್ಲವಲ್ಲ. ಇದನ್ನೆಲ್ಲ ನಾನು ತತ್ತ್ವವಾಗಿ ಹೇಳುತ್ತಿದ್ದೇನೆಯೇ ಹೊರತು ಯಾವುದೋ ಒಂದು ಭಾನುವಾರದ, ಯಾವುದೋ ಒಂದು ನೆಲಮಾಳಿಗೆಯ ಮಾತಲ್ಲ.

ತೋರಿಕೆಗಾಗಿ ಮಾಡುತ್ತಾನೆ ಎಂಬ ಮೂರನೆಯ ಆರೋಪವನ್ನು ಬೇಗ ತಳ್ಳಿಹಾಕಬಹುದು. ತೋರಿಕೆಗಾದರೆ ಬಾನೆಟ್ ಎತ್ತಿ ನಿಲ್ಲುತ್ತಿದ್ದ. ಇಲ್ಲಿ ಲೋಕಕ್ಕೆ ಕಾಣುವುದು ಹವಾಯಿ ಚಪ್ಪಲಿಯಷ್ಟೇ. ಇನ್ನೂ ಗಟ್ಟಿ ಸಾಕ್ಷಿ ಬೇಕೆಂದರೆ, ಪ್ಲಗ್ಗು ಹೊಂದದ ಗುಜರಿ ಮೋಟರಿಗೆ ವೈರು ಕತ್ತರಿಸಿ ಜೋಡಿಸಿದ ದಿನ ಅವನನ್ನು ನೋಡಬೇಕು. ಪ್ಲಸ್ಸು ಮೈನಸ್ಸು ಅದಲುಬದಲಾದರೆ ಗಾಲಿ ಹಿಮ್ಮುಖವಾಗಿ ಸುತ್ತುತ್ತದೆ. ಸುತ್ತಿದರೂ ಆ ಪಂಜರದ ಗಾಲಿಯ ಸ್ವಭಾವವೇ ಬೇರೆ: ಗಾಳಿಯನ್ನು ಹಿಂದಕ್ಕೆಳೆಯದೆ ಅದೇ ದಾರಿಯಲ್ಲಿ ಊದುತ್ತದೆ, ಆದರೆ ಜ್ವರದಿಂದೆದ್ದವರ ಹಾಗೆ ನಿತ್ರಾಣವಾಗಿ. ಹೊಸ ಮೋಟರಿಗೇಕೆ ಈ ಸುಸ್ತು ಎಂದು ಅವನು ಫಿಲ್ಟರು ಕೊಡವಿ, ಇಲಿ ಗೂಡು ಕಟ್ಟಿದೆಯೇ ಎಂದು ಕೊಳವೆಯೊಳಗೆ ಕೈಹಾಕಿ, ಊಟ ಬಿಟ್ಟು ಮಧ್ಯಾಹ್ನವೆಲ್ಲ ತಡಕಾಡುತ್ತಾನೆ. ಕೊನೆಗೆ ಹೊಳೆದಾಗ ‘ವೈರು ಉಲ್ಟಾ ಕೊಟ್ಟುಬಿಟ್ಟಿದ್ದೆ ಕಣ್ರೀ’ ಎಂದು ವಾಚ್‌ಮನ್ನಿಗೂ ಕೂಗಿ ಹೇಳುತ್ತಾನೆ. ತೋರಿಕೆಯವನು ಅದನ್ನು ಮುಚ್ಚಿಡುತ್ತಿದ್ದ. ಇವನ ಮುಖದಲ್ಲಿ ಕಳೆದ ಉಂಗುರ ಸಿಕ್ಕಿದಷ್ಟು ಸಂತೋಷ.

ಸ್ಟಾರ್ಟ್ ಆಗದ ಚೇತಕ್ ಸ್ಕೂಟರನ್ನು ಒಂದು ಮಗ್ಗುಲಿಗೆ ವಾಲಿಸಿ, ಮತ್ತೆ ನೆಟ್ಟಗೆ ನಿಲ್ಲಿಸಿ ಕಿಕ್ ಹೊಡೆಯುವ ವಿದ್ಯೆ ಒಂದು ಕಾಲಕ್ಕೆ ಈ ಊರಿನ ಗುಮಾಸ್ತರಿಗೂ ಮೇಷ್ಟರಿಗೂ ಬರುತ್ತಿತ್ತು. ಅದನ್ನು ಯಾರೂ ರಿಪೇರಿ ಎಂದು ಕರೆಯುತ್ತಿರಲಿಲ್ಲ. ವಾಹನ ಇಟ್ಟುಕೊಂಡವನು ಅಷ್ಟು ತಿಳಿದಿರಬೇಕಿತ್ತು. ಈಗ ಬಾನೆಟ್ ಎತ್ತಿದರೆ ಕಾಣುವುದು ದೊಡ್ಡದೊಂದು ಪ್ಲಾಸ್ಟಿಕ್ ಮುಚ್ಚಳ. ಕೈಗೂ ಬುದ್ಧಿಗೂ ಒಟ್ಟಿಗೆ ಎಟುಕುವಂತೆ ಉಳಿದಿರುವುದು ಈ ಗ್ಲೋವ್‌ಬಾಕ್ಸಿನ ಹಿಂದಿನ ಗೇಣು ಜಾಗವೇ ಇರಬೇಕು. ಜಮೀನೆಲ್ಲ ಮಾರಿದ ಮೇಲೂ ಹಿತ್ತಲಿನ ಎರಡು ತೆಂಗಿನಮರಕ್ಕೆ ನೀರು ಬಿಡಲು ಊರಿಗೆ ಹೋಗುವವರಿದ್ದಾರಲ್ಲ, ಹಾಗೆ ಅವನು ಅಲ್ಲಿಗೆ ಹೋಗುತ್ತಾನೆ. ಇರಲಿ, ಅಷ್ಟೊಂದು ಮರುಗಬೇಕಾಗಿಲ್ಲ. ಸಂಜೆಯ ಹೊತ್ತಿಗೆ ಒಂದು ಸ್ಕ್ರೂ ಉಳಿದೇ ಉಳಿಯುತ್ತದೆ, ಹಾರ್ಲಿಕ್ಸ್ ಬಾಟಲಿಯಲ್ಲಿರುವ ಅದರ ಬಳಗ ಸೇರುತ್ತದೆ. ಕೆಲಸ ಬಾರದವನೆಂಬುದಕ್ಕೆ ಇದೇ ಪುರಾವೆ ಎನ್ನುವವರನ್ನು ನಾನು ಒಪ್ಪಲಾರೆ. ಬ್ಲೋವರು ನಾಲ್ಕೂ ವೇಗದಲ್ಲಿ ಸದ್ದಿಲ್ಲದೆ ಬೀಸುತ್ತಿರುತ್ತದೆ. ಮೊದಲಿನಂತೆ ಕೂರದಿರುವುದು ಗ್ಲೋವ್‌ಬಾಕ್ಸ್ ಮಾತ್ರ. ಹಂಪು ಬಂದಾಗಲೆಲ್ಲ ಅದು ಬಾಯಿ ತೆರೆದು ಎಡಗಡೆ ಕೂತವರ ಮಂಡಿಯ ಮೇಲೆ ಬೀಳುತ್ತದೆ. ಅವರು ಮಾತಾಡದೆ ಅದನ್ನು ಮೇಲೆತ್ತಿ, ಮುಂದಿನ ಹಂಪಿನವರೆಗೂ ಕೈಯಲ್ಲಿ ಒತ್ತಿ ಹಿಡಿದುಕೊಂಡಿರುತ್ತಾರೆ, ಟಾರ್ಚ್ ಹಿಡಿದಿದ್ದ ಅದೇ ಕೈಯಲ್ಲಿ.